ಆ ಐದು ಪರ್ಸೆಂಟ್ ಯಾರ ಪಾಲು?

1 ಟಿಬಿಯ ಹೊಸ ಡಿಸ್ಕ್‌ಗೆ ಲಿನಕ್ಸ್‌ನಲ್ಲಿ ಇಎಕ್ಸ್‌ಟಿ4 ಹಾಕಿ ನೋಡಿ. ಒಂದೇ ಒಂದು ಫೈಲ್ ಇಡೋ ಮೊದಲೇ ಸುಮಾರು 65 ಜಿಬಿ ನಿಮ್ಮ ಕೈಗೆ ಸಿಗಲ್ಲ. ಯಾರೂ ಕದ್ದಿಲ್ಲ. ಎಂಕೆಎಫ್‌ಎಸ್ ಅನ್ನೋ ಪುಟ್ಟ ಪ್ರೋಗ್ರಾಂ ನಿಮ್ಮನ್ನ ಕೇಳದೇ ಮಾಡಿಟ್ಟ ಲೆಕ್ಕ ಅದು. ಆ ಲೆಕ್ಕಕ್ಕೆ ನಲವತ್ತು ವರ್ಷದ ಇತಿಹಾಸ ಇದೆ.

1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲಿ ಡಿಸ್ಕ್ ಎಷ್ಟು ದೊಡ್ಡದು ಅಂತ ಎಂಕೆಎಫ್‌ಎಸ್‌ಗೆ ನಾವೇ ಹೇಳಬೇಕಿತ್ತು, ಬ್ಲಾಕ್‌ಗಳ ಸಂಖ್ಯೆ ಟೈಪ್ ಮಾಡಿ. 1983ರ 4.2ಬಿಎಸ್‌ಡಿಯಲ್ಲಿ ನ್ಯೂಎಫ್‌ಎಸ್ ಬಂತು. ಡಿಸ್ಕ್‌ನ ಮಾಡೆಲ್ ಹೇಳಿದ್ರೆ ಸಾಕು, ಉಳಿದ ಅಳತೆಯನ್ನ ಡಿಸ್ಕ್‌ಟ್ಯಾಬ್ ಅನ್ನೋ ಪಟ್ಟಿಯಿಂದ ತಾನೇ ಓದಿಕೊಳ್ತಿತ್ತು. ಈಗಿನ ಟೂಲ್‌ಗಳು ನೇರವಾಗಿ ಕರ್ನಲ್‌ನ್ನೇ ಕೇಳುತ್ತವೆ.

ಜಾಗ ಕಾದಿರಿಸೋ ಪದ್ಧತಿ ಬಂದಿದ್ದೂ ಅದೇ ಬರ್ಕ್ಲಿಯಿಂದ. ಅಲ್ಲಿನ ಮೆಕ್‌ಕ್ಯುಸಿಕ್, ಬಿಲ್ ಜಾಯ್, ಲೆಫ್ಲರ್, ಫ್ಯಾಬ್ರಿ ನಾಲ್ವರೂ ಹಳೆಯ ಫೈಲ್ ಸಿಸ್ಟಂ ಪರೀಕ್ಷಿಸಿ ನೋಡಿದ್ರು. ಹೊಸದರಲ್ಲಿ ಸೆಕೆಂಡಿಗೆ 175 ಕೆಬಿ ಓದ್ತಿದ್ದದ್ದು, ಕೆಲವೇ ವಾರಗಳ ಬಳಕೆಯಲ್ಲಿ 30 ಕೆಬಿಗೆ ಇಳಿದಿತ್ತು. ಕಾರಣ, ಒಂದು ಫೈಲ್‌ನ ತುಣುಕುಗಳು ಡಿಸ್ಕ್ ತುಂಬಾ ಚೆಲ್ಲಾಪಿಲ್ಲಿ. ಅವನ್ನ ಅಕ್ಕಪಕ್ಕ ಇಡಬೇಕಂದ್ರೆ ಖಾಲಿ ಜಾಗ ಬೇಕೇ ಬೇಕು. ಹಾಗಾಗಿ ತಮ್ಮ ಹೊಸ ಸಿಸ್ಟಂನಲ್ಲಿ 10% ಜಾಗವನ್ನ ಮಾಮೂಲಿ ಬಳಕೆದಾರರಿಗೆ ಕೊಡದೇ ಉಳಿಸಿದ್ರು. ಸೈಟ್‌ನಲ್ಲಿ ಸೆಟ್‌ಬ್ಯಾಕ್ ಬಿಟ್ಟ ಹಾಗೆ ಅಂದ್ಕೊಳ್ಳಿ.

1993ರಲ್ಲಿ ಬಂದ ಲಿನಕ್ಸ್‌ನ ಇಎಕ್ಸ್‌ಟಿ2 ಇದೇ ಉಪಾಯವನ್ನ 5%ಗೆ ಇಳಿಸಿಕೊಳ್ತು. ಆ ಪಾಲು ರೂಟ್‌ನದ್ದು. ಡಿಸ್ಕ್ ಭರ್ತಿಯಾದ್ರೂ ಸಿಸ್ಟಂ ಉಸಿರಾಡಬೇಕು, ಅಡ್ಮಿನ್ ಒಳಗೆ ಬಂದು ಕಸ ಗುಡಿಸಬೇಕು. 500 ಎಂಬಿ ಡಿಸ್ಕ್‌ನಲ್ಲಿ ಅದು ಬರೀ 25 ಎಂಬಿ. 1 ಟಿಬಿಯಲ್ಲಿ 50 ಜಿಬಿ! ಡಿಸ್ಕ್ ಬೆಳೀತು, ಪರ್ಸೆಂಟ್ ಅಲ್ಲೇ ಉಳೀತು.

ಮಿಕ್ಕ 15 ಜಿಬಿ ಐನೋಡ್‌ಗಳದ್ದು. ಒಂದೊಂದು ಫೈಲ್‌ಗೂ ಒಂದು ಐನೋಡ್ ಬೇಕು. ನೀವು ಎಷ್ಟು ಫೈಲ್ ಇಡ್ತೀರಿ ಅಂತ ಟೂಲ್‌ಗೆ ಹೇಗೆ ಗೊತ್ತಾಗ್ಬೇಕು? ಊಹೆ ಮಾಡುತ್ತೆ: ಪ್ರತಿ 16 ಕೆಬಿಗೆ ಒಂದು ಐನೋಡ್, ಪ್ರತಿಯೊಂದಕ್ಕೂ 256 ಬೈಟ್. ಅಂದ್ರೆ ಡಿಸ್ಕ್‌ನ 64ರಲ್ಲಿ ಒಂದು ಭಾಗ. ಬರೀ ಸಿನಿಮಾ ಇಟ್ಟವರಿಗೆ ಇದು ದಂಡ. ಲಕ್ಷಾಂತರ ಚಿಕ್ಕ ಫೈಲ್ ಇಟ್ಟವರಿಗೆ ಸಾಲೋದೇ ಇಲ್ಲ. ಅರ್ಧ ಡಿಸ್ಕ್ ಖಾಲಿ ಇದ್ರೂ "ಜಾಗ ಇಲ್ಲ" ಅನ್ನೋ ಎರರ್ ಬರುತ್ತೆ. ಸಿಲಿಕಾನ್ ಗ್ರಾಫಿಕ್ಸ್‌ನ ಎಕ್ಸ್‌ಎಫ್‌ಎಸ್ ತೊಂಬತ್ತರ ದಶಕದಲ್ಲೇ ಈ ಊಹೆಯನ್ನ ಕೈಬಿಟ್ಟು, ಬೇಕಾದಾಗ ಬೇಕಾದಷ್ಟು ಐನೋಡ್ ಮಾಡೋ ದಾರಿ ಹಿಡೀತು.

ಇದರಲ್ಲೊಂದು ಮುಖ್ಯ ವ್ಯತ್ಯಾಸ ಇದೆ. ಕಾದಿರಿಸಿದ 5%ನ್ನ ಟ್ಯೂನ್2ಎಫ್‌ಎಸ್‌ನಿಂದ ಯಾವತ್ತು ಬೇಕಾದ್ರೂ 1%ಗೆ ಇಳಿಸಬಹುದು. ಬರೀ ಡೇಟಾ ಇರೋ ಡಿಸ್ಕ್‌ನಲ್ಲಿ ಹಾಗೆ ಮಾಡಿದ್ರೆ ತಪ್ಪೇನಿಲ್ಲ. ಆದ್ರೆ ಇಎಕ್ಸ್‌ಟಿ4ರಲ್ಲಿ ಐನೋಡ್‌ನ ಅನುಪಾತ ಫಾರ್ಮ್ಯಾಟ್ ಮಾಡಿದ ದಿನವೇ ನಿಂತುಬಿಡುತ್ತೆ. ಬದಲಿಸಬೇಕಂದ್ರೆ ಎಲ್ಲಾ ಬ್ಯಾಕಪ್ ತೆಗೆದು ಮತ್ತೆ ಮೊದಲಿಂದ ಶುರು. ಸರ್ವರ್‌ಗೆ ಡಿಸ್ಕ್ ಹಾಕೋ ದಿನ ಎಂಟರ್ ಒತ್ತೋ ಮೊದಲು ಅದನ್ನೊಂದು ಯೋಚಿಸಿ.