ತಿಂಗಳಾದರೂ ಮಾಯದ ಹುಣ್ಣು: ಮರಳು ನೊಣ ಹರಡುವ ಲೀಶ್ಮೇನಿಯಾಸಿಸ್

ಖರ್ಜೂರದ ತೋಟದಲ್ಲೋ ಮರುಭೂಮಿ ಅಂಚಿನ ಸೈಟ್‌ನಲ್ಲೋ ದುಡಿಯುವವರ ಕೈಕಾಲು, ಮುಖದ ಮೇಲೆ ಒಮ್ಮೊಮ್ಮೆ ಸಣ್ಣ ಕೆಂಪು ಗುಳ್ಳೆ ಏಳುತ್ತದೆ. ಸೊಳ್ಳೆ ಕಚ್ಚಿರಬೇಕು ಅಂತ ಸುಮ್ಮನಾಗುತ್ತೇವೆ. ವಾರಗಟ್ಟಲೆ ಕಳೆದರೂ ಅದು ಮಾಯದೆ, ನಡುವೆ ಗುಳಿ ಬಿದ್ದು, ಅಂಚು ಉಬ್ಬಿ, ಹಕ್ಕಳೆ ಕಟ್ಟಿದರೆ ಚರ್ಮದ ಲೀಶ್ಮೇನಿಯಾಸಿಸ್ ಇರಬಹುದು. ಹೆಚ್ಚಿನವರಿಗೆ ನೋವೇ ಇರುವುದಿಲ್ಲ. ಅದಕ್ಕೇ ಡಾಕ್ಟರ ಹತ್ತಿರ ಹೋಗಲು ತಡ ಮಾಡುತ್ತಾರೆ.

ಹೇಗೆ ಬರುತ್ತದೆ?
ಸೌದಿ ಅರೇಬಿಯಾದ ಅಲ್ ಅಹ್ಸಾ, ಅಲ್ ಖಸೀಮ್, ರಿಯಾದ್ ಭಾಗಗಳಲ್ಲಿ ಈ ರೋಗ ಹಿಂದಿನಿಂದಲೂ ಇದೆ. ಇಲ್ಲಿ ಕಾರಣ ಲೀಶ್ಮೇನಿಯಾ ಮೇಜರ್ ಎಂಬ ಪರಾವಲಂಬಿ. ಅದು ಬದುಕುವುದು ಮರುಭೂಮಿಯ ಇಲಿಗಳ ಮೈಯಲ್ಲಿ. ಇಲಿಯ ಬಿಲದಲ್ಲೇ ಇರುವ ಮರಳು ನೊಣ, ಅಂದರೆ ಸ್ಯಾಂಡ್‌ಫ್ಲೈ, ಇಲಿಯನ್ನು ಕಚ್ಚಿ ಆಮೇಲೆ ನಮ್ಮನ್ನು ಕಚ್ಚಿದಾಗ ರೋಗ ದಾಟುತ್ತದೆ. ಈ ನೊಣ 2–3 ಮಿ.ಮೀ. ಮಾತ್ರ, ಸದ್ದು ಮಾಡುವುದಿಲ್ಲ, ಕಚ್ಚುವುದು ಸಂಜೆಯಿಂದ ಬೆಳಗಿನವರೆಗೆ. ಗುಳ್ಳೆ ಕಾಣಿಸಲು ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಹಾಗಾಗಿ ಬೇಸಿಗೆಯ ಕಡಿತ ಚಳಿಗಾಲದಲ್ಲಿ ಹುಣ್ಣಾಗಬಹುದು.

ಮುಟ್ಟಿದರೆ ಅಂಟುವುದಿಲ್ಲ
ಕೆಲಸ ಹೋದೀತು, ರೂಮಿನವರು ದೂರ ಮಾಡಿಯಾರು ಅಂತ ಹುಣ್ಣು ಮುಚ್ಚಿಡುವುದು ಬೇಡ. ಒಟ್ಟಿಗೆ ಊಟ ಮಾಡಿದರೆ, ಒಂದೇ ರೂಮಿನಲ್ಲಿ ಮಲಗಿದರೆ ಇದು ಹರಡುವುದಿಲ್ಲ. ಬಿಹಾರದ ಕಡೆ ಕಾಣುವ, ಪ್ರಾಣಕ್ಕೇ ಕುತ್ತಾಗುವ ಕಾಲಾ ಅಜಾರ್ ಇದೇ ಕುಟುಂಬದ್ದಾದರೂ ಬೇರೆ ರೋಗ.

ಚಿಕಿತ್ಸೆ
ಹುಣ್ಣಿನ ಅಂಚನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಪತ್ತೆಯಾಗುತ್ತದೆ. ಹುಣ್ಣು ಎಲ್ಲಿದೆ, ಎಷ್ಟಿದೆ ನೋಡಿಕೊಂಡು ಡಾಕ್ಟರು ಅದಕ್ಕೇ ಸೋಡಿಯಂ ಸ್ಟಿಬೊಗ್ಲುಕೊನೇಟ್ ಇಂಜೆಕ್ಷನ್ ಕೊಡಬಹುದು, ಅಥವಾ ಅತಿ ತಂಪಿನಿಂದ ಸುಡುವ ಕ್ರಮ ಮಾಡಬಹುದು. ಎಷ್ಟೋ ಹುಣ್ಣು ತಿಂಗಳುಗಳಲ್ಲಿ ತಾನೇ ಮಾಯುತ್ತದೆ, ಆದರೆ ಕಲೆ ಉಳಿಯುತ್ತದೆ. ಮುಖದ ಮೇಲೆ, ಕೀಲಿನ ಹತ್ತಿರ ಆದರೆ ಕಾಯಲೇಬೇಡಿ. ಮನೆಯಲ್ಲೇ ಸುಡುವುದು, ಆಸಿಡ್ ಹಚ್ಚುವುದು ಮಾಡಬೇಡಿ.

ತಡೆಯುವುದು ಹೇಗೆ?
ಸಂಜೆ ಮೇಲೆ ತುಂಬು ತೋಳಿನ ಅಂಗಿ, ಪ್ಯಾಂಟ್ ಹಾಕಿ. ತೆರೆದ ಚರ್ಮಕ್ಕೆ ಡೀಟ್ ಇರುವ ಕ್ರೀಮ್ ಹಚ್ಚಿ. ಸಾಮಾನ್ಯ ಸೊಳ್ಳೆ ಪರದೆಯ ಕಣ್ಣಿನಲ್ಲಿ ಈ ನೊಣ ನುಸುಳುತ್ತದೆ. ಪರ್ಮೆಥ್ರಿನ್ ಹಾಕಿದ ಅಥವಾ ತೀರಾ ಸಣ್ಣ ಕಣ್ಣಿನ ಪರದೆ ಬೇಕು. ಇಲಿ ಬಿಲದ ಹತ್ತಿರ ಹೊರಗೆ ಮಲಗಬೇಡಿ.

ರಜೆಗೆ ಊರಿಗೆ ಹೋದ ಮೇಲೆ ಹುಣ್ಣು ಕಂಡರೆ, ಎಲ್ಲಿ, ಎಂಥ ಜಾಗದಲ್ಲಿ ಕೆಲಸ ಮಾಡುತ್ತಿದ್ದೀರಿ ಅಂತ ಡಾಕ್ಟರಿಗೆ ಮೊದಲೇ ಹೇಳಿ. ನಮ್ಮ ಕರಾವಳಿಯಲ್ಲಿ ಇದು ಅಪರೂಪ; ಹೇಳದಿದ್ದರೆ ಅವರಿಗೆ ಹೊಳೆಯದೆ ಹೋಗಬಹುದು.