ಸಮೋವಾದ ಕೊಡುಗೆ: ಸಮೀಕ್ಷೆಯ ಪ್ರಶ್ನೆ, ಚರ್ಚಿನ ಲೆಕ್ಕಪುಸ್ತಕ

ಕೊಡುಗೆಯ ಸಿದ್ಧಾಂತ ಹುಟ್ಟಿದ್ದೇ ಶಾಂತಸಾಗರದ ದ್ವೀಪಗಳ ಮೇಲೆ. ಮಲಿನೋವ್‌ಸ್ಕಿ 1922ರಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳ ಕುಲಾ ವಿನಿಮಯವನ್ನು ವಿವರಿಸಿದ. ಮಾರ್ಸೆಲ್ ಮೋಸ್ ಕೊಡುಗೆಯನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದ ಮೊದಲ ಅಧ್ಯಾಯವನ್ನು ಸಮೋವಾದಿಂದಲೇ ಆರಂಭಿಸಿದ. ಆದರೂ ಚಾರಿಟೀಸ್ ಏಡ್ ಫೌಂಡೇಷನ್ 2010ರಲ್ಲಿ ಆರಂಭಿಸಿದ ವಿಶ್ವ ದಾನ ಸೂಚ್ಯಂಕದ ಮೊದಲ ದಶಕದ ಪಟ್ಟಿಗಳಲ್ಲಿ ಸಮೋವಾ ಇಲ್ಲ.

ಇದಕ್ಕೆ ಮೊದಲ ಕಾರಣ ಖರ್ಚು. ಸೂಚ್ಯಂಕಕ್ಕೆ ಆಧಾರವಾದ ಗ್ಯಾಲಪ್ ಸಮೀಕ್ಷೆ ಸಾಮಾನ್ಯವಾಗಿ ದೇಶಕ್ಕೆ ಸಾವಿರ ಜನರನ್ನು ಮಾತನಾಡಿಸುತ್ತದೆ. ಜನಸಂಖ್ಯೆ ಕಡಿಮೆಯೆಂದು ಮಾದರಿಯ ಗಾತ್ರ ಇಳಿಯುವುದಿಲ್ಲ. 2021ರ ಜನಗಣತಿಯಂತೆ 2,05,557 ಜನರಿರುವ ಸಮೋವಾಕ್ಕೂ ಇಂಡೊನೇಷ್ಯಾಕ್ಕೂ ಬೇಕಾಗುವ ಮಾದರಿ ಹೆಚ್ಚುಕಡಿಮೆ ಒಂದೇ. ಸಣ್ಣ ದೇಶದ ಅಂಕಿಗೆ ಗಿರಾಕಿ ಮಾತ್ರ ಇಲ್ಲ.

ಆದರೆ ಹಣ ಒದಗಿಸಿ ಅದೇ ಪ್ರಶ್ನಾವಳಿಯನ್ನು ಸಮೋವಾದ ರಾಜಧಾನಿ ಅಪಿಯಾಕ್ಕೆ ಒಯ್ದರೂ ಸಿಗುವ ಉತ್ತರ ದಾರಿ ತಪ್ಪಿಸುತ್ತದೆ ಎಂಬುದು ನನ್ನ ವಾದ. ‘ಕಳೆದ ತಿಂಗಳು ನೀವು ದತ್ತಿ ಸಂಸ್ಥೆಗೆ ಹಣ ಕೊಟ್ಟಿರಾ?’ ಎಂಬ ಪ್ರಶ್ನೆಯಲ್ಲಿ ‘ನೀವು’ ಯಾರು? ಸಮೋವಾದಲ್ಲಿ ಕೊಡುವುದು ಆಯಿಂಗಾ, ಅಂದರೆ ವಿಸ್ತೃತ ಕುಟುಂಬ. ಅದರ ಪರವಾಗಿ ಮುಂದೆ ನಿಲ್ಲುವವನು ಮಾತಾಯಿ ಪದವಿಯ ಹಿರಿಯ. ಸಾವು, ಮದುವೆ, ಪದವಿ ಪ್ರದಾನದಂಥ, ಫಾಲಾವೆಲಾವೆ ಎಂದು ಕರೆಯುವ ಕುಟುಂಬದ ಸಂದರ್ಭಗಳಲ್ಲಿ ನಗದಿನ ಜೊತೆಗೆ ನಯವಾಗಿ ಹೆಣೆದ ಚಾಪೆಗಳೂ ಹಂದಿಗಳೂ ಕೈ ಬದಲಾಯಿಸುತ್ತವೆ. ನಮ್ಮ ಮುಯ್ಯಿಯ ಹಾಗೆ ಇದು ದಾನವೂ ಹೌದು, ಋಣವೂ ಹೌದು. ಇದರಲ್ಲಿ ದತ್ತಿ ಸಂಸ್ಥೆಯೆಂಬುದೇ ಇಲ್ಲ. ಇನ್ನು ತಿಂಗಳ ಮಾತು: ಕಾಂಗ್ರಿಗೇಷನಲ್ ಚರ್ಚಿನ ಮಹಾಸಭೆ ಸೇರುವ ಮೇ ತಿಂಗಳಲ್ಲಿ ಕೇಳಿದರೆ ಬರುವ ಉತ್ತರ ಬೇರೆ, ಆಗಸ್ಟ್‌ನಲ್ಲಿ ಕೇಳಿದರೆ ಬೇರೆ.

ವಿಚಿತ್ರವೆಂದರೆ, ಬರಹದ ಲೆಕ್ಕಕ್ಕೇನೂ ಇಲ್ಲಿ ಬರವಿಲ್ಲ. ಅನೇಕ ಚರ್ಚುಗಳಲ್ಲಿ ಭಾನುವಾರದ ಆರಾಧನೆಯಲ್ಲಿ ಯಾವ ಕುಟುಂಬ ಎಷ್ಟು ಕೊಟ್ಟಿತೆಂದು ಹೆಸರು ಹಿಡಿದು, ಮೊತ್ತದ ಸಮೇತ ಎಲ್ಲರೆದುರು ಓದುತ್ತಾರೆ. ಈ ಪದ್ಧತಿ ಬಡ ಕುಟುಂಬಗಳನ್ನು ಸಾಲಕ್ಕೆ ನೂಕುತ್ತದೆಂಬ ಟೀಕೆಯಿದೆ, ಅದು ಸುಳ್ಳಲ್ಲ. ಸಂಶೋಧಕನ ದೃಷ್ಟಿಯಿಂದ ಮಾತ್ರ ಇಷ್ಟು ನಿಯತವಾದ ದಾಖಲೆ ಅಪರೂಪ.

ಚರ್ಚಿನ ಆ ಲೆಕ್ಕಪುಸ್ತಕಗಳನ್ನು ಕೇಳುವುದು ಸುಲಭವಲ್ಲ. ಪಾದ್ರಿಗಳಿಗೆ ಭಕ್ತರು ಕೊಡುವ ಕಾಣಿಕೆಯೂ ತೆರಿಗೆಗೆ ಒಳಪಟ್ಟಿದ್ದೆಂದು 2017ರಲ್ಲಿ ಸರ್ಕಾರ ಕಾನೂನು ತಂದಾಗ ಕಾಂಗ್ರಿಗೇಷನಲ್ ಚರ್ಚ್ ಅದನ್ನು ಬಹಿರಂಗವಾಗಿಯೇ ಪ್ರತಿಭಟಿಸಿತು. ಅಂದಮೇಲೆ ಲೆಕ್ಕ ಕೇಳಿ ಬಂದವನನ್ನು ತೆರಿಗೆಯವನೆಂದೇ ಭಾವಿಸುವುದು ಸಹಜ. ಆದ್ದರಿಂದ ಸಮೋವಾ ಅಂಕಿಅಂಶ ಇಲಾಖೆಯ ಗೃಹ ಆದಾಯ-ವೆಚ್ಚ ಸಮೀಕ್ಷೆಯಿಂದ ಶುರುಮಾಡುವುದೇ ಮೇಲು: ಚರ್ಚ್, ಬಂಧುಗಳು, ಊರು ಎಂದು ಬೇರೆಬೇರೆ ಕೇಳಬೇಕು, ವಸ್ತುರೂಪದ ಕೊಡುಗೆಗೆ ಪ್ರತ್ಯೇಕ ಅಂಕಣವಿರಬೇಕು, ಕೊಟ್ಟದ್ದರ ಪಕ್ಕದಲ್ಲೇ ಪಡೆದದ್ದನ್ನೂ ಬರೆಯಬೇಕು.

ಅದೂ ದ್ವೀಪದೊಳಗಿನ ಅರ್ಧ ಚಿತ್ರವಷ್ಟೆ. 2018ರ ಜನಗಣತಿಯಲ್ಲಿ ನ್ಯೂಜಿಲೆಂಡ್‌ನಲ್ಲಿದ್ದ ಸಮೋವನ್ನರು 1,82,721. ಆಕ್ಲೆಂಡಿನ ಮಗಳು ಕಳಿಸಿದ ಹಣವನ್ನು ಹಳ್ಳಿಯ ತಂದೆ ತನ್ನ ಹೆಸರಿನಲ್ಲಿ ಚರ್ಚಿಗೆ ಕೊಟ್ಟರೆ, ಅದನ್ನು ಯಾವ ದೇಶದ ದಾನವೆಂದು ಬರೆದುಕೊಳ್ಳಬೇಕು? ಎರಡೂ ಕಡೆಯ ಮನೆಗಳನ್ನು ಒಂದೇ ಆಯಿಂಗಾ ಎಂದು ಜೋಡಿಸಿ ಕೇಳುವ ಮಾದರಿ ಸಿದ್ಧವಾಗುವವರೆಗೆ ಆ ಮೊತ್ತ ಒಂದೋ ಎರಡು ಸಲ ಎಣಿಕೆಯಾಗುತ್ತದೆ, ಇಲ್ಲವೇ ಎಲ್ಲಿಯೂ ಆಗುವುದಿಲ್ಲ.