ಚಳಿಗಾಲದ ಹುಡುಗಿಗೆ ಸಕ್ಕರೆಯ ಒಡವೆ

ಬ್ರೈಡಲ್ ಶವರ್ ಎನ್ನುವುದು ಅಮೆರಿಕದ ಪದ್ಧತಿ. ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಿದ್ದ ಹೊತ್ತಿಗೆ ಅಲ್ಲಿನ ಪಟ್ಟಣಗಳಲ್ಲಿ ರೂಢಿಗೆ ಬಂತು. ಮದುವೆಗೆ ಮುಂಚೆ ಗೆಳತಿಯರು ಸೇರಿ ಹೊಸ ಸಂಸಾರಕ್ಕೆ ಬೇಕಾದ ಪಾತ್ರೆ, ಟವೆಲು, ಮೇಜಿನ ಬಟ್ಟೆ ಕೊಡುತ್ತಿದ್ದರು. ಸಣ್ಣ ಸಾಮಾನುಗಳನ್ನು ಛತ್ರಿಯೊಳಗೆ ತುಂಬಿಟ್ಟು, ಹುಡುಗಿಯ ತಲೆಯ ಮೇಲೆ ಅದನ್ನು ಬಿಡಿಸಿ ಸುರಿಸುವ ತಮಾಷೆಯೂ ಇತ್ತು. ಇದರ ಮೂಲಕ್ಕೆ ಹಾಲೆಂಡಿನ ಒಂದು ಕತೆ ಹೇಳುತ್ತಾರೆ. ಬಡ ಹಿಟ್ಟಿನ ಗಿರಣಿಯವನನ್ನು ಮೆಚ್ಚಿದ ಮಗಳಿಗೆ ಅಪ್ಪ ಏನೂ ಕೊಡೆನೆಂದ, ಊರವರೇ ಒಂದೊಂದು ಸಾಮಾನು ತಂದು ಅವಳ ಮನೆ ತುಂಬಿಸಿದರು. ಅದು ಕತೆಯೇ ಇರಬಹುದು. ಅಪ್ಪ ಕೊಡದಿದ್ದರೆ ಊರು ಕೊಟ್ಟೀತು ಎಂಬ ಅದರ ಧೈರ್ಯ ಮಾತ್ರ ನನಗೆ ಇಷ್ಟ.

ಫೆಬ್ರವರಿಯಲ್ಲಿ ಮದುವೆಯಾಗಲಿರುವ ನನ್ನ ಅಣ್ಣನ ಮಗಳಿಗೆ ಅವಳ ಪುಣೆಯ ಗೆಳತಿಯರು ಜನವರಿಯಲ್ಲಿ ಇಂಥದೊಂದು ಶವರ್ ಮಾಡಬೇಕೆಂದಿದ್ದಾರೆ. ಥೀಮು ವಿಂಟರ್. ಹತ್ತಿಯ ಹಿಮ, ಬಿಳಿ ಕಾಗದ ಕತ್ತರಿಸಿ ಮಾಡಿದ ಹಿಮದ ಹೂಗಳು, ಕೈಯಾರೆ ಮಾಡಿದ ಬಿಳಿ ಸಿಹಿ. ಅಂಗಡಿಯದು ಏನೂ ಬೇಡ, ಎಲ್ಲ ಮನೆಯಲ್ಲೇ ಆಗಬೇಕು. ಪುಣೆಯಲ್ಲಿ ಹಿಮ ಬೀಳುವುದಿಲ್ಲ, ಆ ಮಾತು ಬೇರೆ. ಆದರೆ ಚಳಿಗಾಲ, ಬಿಳಿ ಅಲಂಕಾರ, ಮನೆಯ ಸಿಹಿ, ಸುತ್ತ ಹೆಂಗಸರು, ನಡುವೆ ಹೊಸ ಹುಡುಗಿ ಎಂದರೆ ಈ ಊರಿಗೆ ಅಂಥ ಹೊಸ ಸಂಗತಿಯೇನಲ್ಲ. ಮರಾಠಿಯವರು ಅದನ್ನು ಹಲ್ವ್ಯಾಚೆ ದಾಗಿನೆ ಎನ್ನುತ್ತಾರೆ. ಮದುವೆಯಾದ ಮೊದಲ ಸಂಕ್ರಾಂತಿಗೆ ಸೊಸೆಗೆ ಕಪ್ಪು ಸೀರೆ ಉಡಿಸಿ, ಸಕ್ಕರೆ ಕಾಳುಗಳಿಂದ ಪೋಣಿಸಿದ ಒಡವೆ ತೊಡಿಸಿ, ನೆರೆಹೊರೆಯವರನ್ನು ಅರಿಸಿನ ಕುಂಕುಮಕ್ಕೆ ಕರೆಯುವ ಪದ್ಧತಿ.

ಇಲ್ಲಿ ಹಲ್ವಾ ಎಂದರೆ ತುಪ್ಪದ ಹಲ್ವಾ ಅಲ್ಲ, ನಮ್ಮ ಕುಸುರೆಳ್ಳು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯವರಿಗೆ ಹೇಳಬೇಕಿಲ್ಲ. ಎಳ್ಳು ಬೆಲ್ಲ ಬೀರುವ ಮೈಸೂರು ಸೀಮೆಯವರಿಗಾಗಿ ಹೇಳುತ್ತೇನೆ. ಎಳ್ಳು, ಗಸಗಸೆ, ಸಾಬೂದಾಣಿ, ಸೌತೆಬೀಜ ಇವುಗಳಲ್ಲಿ ಯಾವುದಾದರೂ ಒಂದನ್ನು ಅಗಲವಾದ ಪರಾತಕ್ಕೆ ಹಾಕಿ ಸಣ್ಣ ಕೆಂಡದ ಶೇಗಡಿಯ ಮೇಲಿಡಬೇಕು. ಹಾಲು ಬಿಟ್ಟು ಕೊಳೆ ತೆಗೆದ ಸಕ್ಕರೆ ಪಾಕವನ್ನು ಚಮಚೆ ಚಮಚೆಯಾಗಿ ಹಾಕುತ್ತ ಬೆರಳ ತುದಿಯಿಂದ ಕಾಳು ಆಡಿಸುತ್ತಿರಬೇಕು. ಒಂದು ಚಮಚೆ ಆರಿದ ಮೇಲೆಯೇ ಇನ್ನೊಂದು. ಅವಸರ ಮಾಡಿ ಎರಡು ಚಮಚೆ ಒಟ್ಟಿಗೆ ಸುರಿದರೆ ಕಾಳು ಅಂಟಿಕೊಂಡು ಉಂಡೆಯಾಗುತ್ತದೆ. ಕೆಂಡ ಹೆಚ್ಚಾದರೆ ಬಿಳುಪು ಹೋಗುತ್ತದೆ. ಹೀಗೆ ದಿನಕ್ಕೆ ಕೆಲವು ತಾಸಿನಂತೆ ಮೂರು ನಾಲ್ಕು ದಿನ, ಕೆಲವೊಮ್ಮೆ ವಾರ. ಆಗ ಕಾಳಿನ ಮೈಮೇಲೆ ಸಣ್ಣ ಮುಳ್ಳು ಏಳುತ್ತದೆ. ಮುಳ್ಳು ಎದ್ದರೆ ಕುಸುರೆಳ್ಳು, ಏಳದಿದ್ದರೆ ಬರೀ ಸಕ್ಕರೆ ಗುಂಡು. ಮಾಡಿ ಬಲ್ಲವರೆಲ್ಲ ಹೇಳುವುದು ಒಂದೇ: ಮುಳ್ಳಿಗೆ ಒಣ ಚಳಿ ಬೇಕು, ಬೆಳಗಿನ ಜಾವದ ಚಳಿಯಾದರೆ ಉತ್ತಮ. ಮುಂಬಯಿಯ ಹಸಿಗಾಳಿಯಲ್ಲಿ ಮಾಡುವವರ ಪಾಡು ಕೇಳಬೇಡಿ. ಹಿಮ ಬೀಳದ ನಾಡಿನಲ್ಲಿ ಚಳಿಯನ್ನು ಹೀಗೆ ಹಿಡಿದು ಕಾಳಿನ ಮೇಲೆ ಕೂರಿಸುತ್ತಿದ್ದರು ಎಂದರೂ ಸರಿಯೇ.

ಆ ಕಾಳನ್ನು ದಾರಕ್ಕೆ ಕಟ್ಟಿ, ಬೇಗಡೆ ಅಂಟಿಸಿದ ರಟ್ಟಿಗೆ ಹೊಲಿದು ಹಾರ, ಬಳೆ, ತೋಳಬಂದಿ, ಡಾಬು, ನತ್ತು, ಮಂಗಳಸೂತ್ರ ಎಲ್ಲ ಮಾಡುತ್ತಾರೆ. ಅಳಿಯನಿಗೂ ಒಂದು ಹಾರ, ಒಂದು ತೆಂಗಿನಕಾಯಿ, ಈಚೆಗೆ ಕೈಗಡಿಯಾರವೂ ಉಂಟು! ಜನವರಿ ಬಂತೆಂದರೆ ತುಳಶಿಬಾಗಿನಲ್ಲಿ, ದಾದರಿನಲ್ಲಿ ಡಬ್ಬಿಗಟ್ಟಲೆ ಸಿಗುತ್ತವೆ. ಸೀರೆ ಚಂದ್ರಕಳಾ, ನಮ್ಮ ಕಡೆಯ ಬಾಯಲ್ಲಿ ಚಂದ್ರಕಾಳಿ. ಮಂಗಳಕಾರ್ಯಕ್ಕೆ ಆಗದ ಕಪ್ಪು ಈ ಒಂದು ಹಬ್ಬಕ್ಕೆ ಸಲ್ಲುತ್ತದೆ. ಮೈ ಬೆಚ್ಚಗಿರುತ್ತದೆ, ಬಿಳಿ ಒಡವೆಯೂ ಎದ್ದು ಕಾಣುತ್ತದೆ.

ಇದೇ ಸಕ್ಕರೆ ಒಡವೆಯನ್ನು ಮೊದಲ ಸಂಕ್ರಾಂತಿಯ ಕೂಸಿಗೂ ತೊಡಿಸುತ್ತಾರೆ. ತೊಡಿಸಿ ತಲೆಯ ಮೇಲೆ ಬೋರೆಹಣ್ಣು, ಕಬ್ಬಿನ ತುಂಡು, ಕುಸುರೆಳ್ಳು ಎರೆಯುತ್ತಾರೆ. ನಮ್ಮಲ್ಲೂ ಕರಿ ಎರೆಯುವುದಿದೆ, ಮೈಸೂರಿನ ಕಡೆ ಎಲಚಿಹಣ್ಣು ಎರೆಯುತ್ತಾರೆ. ಅಮೆರಿಕದವರ ಛತ್ರಿಯೊಂದಿಲ್ಲ, ಅಷ್ಟೆ. ಆದರೆ ಕೂಸಿಗೂ ವಧುವಿಗೂ ಒಂದೇ ಒಡವೆ ಏಕೆ? ನನಗೆ ತೋಚುವ ಉತ್ತರ ಅಷ್ಟು ಸಿಹಿಯಾದದ್ದಲ್ಲ. ಆ ವಧುವೂ ಕೂಸೇ ಆಗಿದ್ದಳು. ರಮಾಬಾಯಿ ರಾನಡೆಯವರ ಮದುವೆ 1873ರಲ್ಲಿ ಆದಾಗ ಅವರಿಗೆ ಹನ್ನೊಂದು ವರ್ಷ. 1910ರಲ್ಲಿ ಅಚ್ಚಾದ ಅವರ ನೆನಪುಗಳ ಪುಸ್ತಕ ಓದಿದರೆ ಆ ವಯಸ್ಸಿನ ಹುಡುಗಿ ತುಂಬಿದ ಅತ್ತೆಮನೆಯಲ್ಲಿ ಹೇಗೆ ಬಾಳಿದಳೆಂದು ತಿಳಿಯುತ್ತದೆ. 1891ರ ಸಮ್ಮತಿ ವಯಸ್ಸಿನ ಕಾಯಿದೆ ಹತ್ತು ವರ್ಷವನ್ನು ಹನ್ನೆರಡಕ್ಕೆ ಏರಿಸಿದ್ದಕ್ಕೇ ಪುಣೆ ಹೊತ್ತಿ ಉರಿಯಿತು. ಹುಡುಗಿಯರ ಮದುವೆಗೆ ಹದಿನಾಲ್ಕು ವರ್ಷವೆಂದು ಶಾರದಾ ಕಾಯಿದೆ ಬರಲು 1929 ಆಗಬೇಕಾಯಿತು. ತಾಯಿಯನ್ನು ಬಿಟ್ಟು ಬಂದ ಹತ್ತು ಹನ್ನೊಂದರ ಹುಡುಗಿಯನ್ನು ಅತ್ತೆ ಮಣೆಯ ಮೇಲೆ ಕೂರಿಸಿ, ತಿನ್ನಬಹುದಾದ ಬಳೆ ತೊಡಿಸಿದಾಗ ಆ ಮಗು ನಕ್ಕಿರಬೇಕು. ಅತ್ತೆಗೂ ಅದು ಗೊತ್ತಿತ್ತೆಂದು ನಾನು ನಂಬುತ್ತೇನೆ. ಅವಳೂ ಹಾಗೇ ಬಂದವಳಲ್ಲವೆ?

ಮಣೆಯ ಸುತ್ತ ಕೂತವರು ಮುತ್ತೈದೆಯರು, ಅದೂ ಬಹುಮಟ್ಟಿಗೆ ತಮ್ಮ ಜಾತಿಯವರು. ಇದನ್ನು ಮೊದಲು ಮುರಿದವರಲ್ಲಿ ಸಾವಿತ್ರಿಬಾಯಿ ಫುಲೆ ಇದ್ದಾರೆ. ಅವರ ಮಹಿಳಾ ಸೇವಾ ಮಂಡಳ 1852ರ ಜನವರಿಯಲ್ಲಿ ಪುಣೆಯಲ್ಲಿ ಎಳ್ಳುಬೆಲ್ಲದ ಕೂಟ ಕರೆಯಿತು. ಯಾವ ಜಾತಿಯವಳೇ ಬರಲಿ, ಎಲ್ಲರಿಗೂ ಒಂದೇ ಜಮಖಾನೆ, ಎಲ್ಲರಿಗೂ ಸಮನಾಗಿ ಅರಿಸಿನ ಕುಂಕುಮ ಎಂದು ಕರೆಯಲ್ಲೇ ತಿಳಿಸಿದ್ದರು. ವಿಧವೆಯರ ಪಾಡು ಇನ್ನೂ ಕಠಿಣ. ಒಡವೆಯಿಲ್ಲ, ಕುಂಕುಮವಿಲ್ಲ, ಬೋಳುತಲೆ, ಮೂಲೆ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ತಾವೇ ವಿಧವೆಯಾದವರು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಮರುವರ್ಷ ಪುಣೆಗೆ ತಂದರು. 1896ರಲ್ಲಿ ಧೋಂಡೋ ಕೇಶವ ಕರ್ವೆಯವರು ವಿಧವೆಯರಿಗಾಗಿ ಆಶ್ರಮ ತೆರೆದರು. ಸ್ವದೇಶಿ ಚಳವಳಿ ಬಂದಾಗ ಬಹಿಷ್ಕಾರದ ಪಟ್ಟಿಯಲ್ಲಿ ಪರದೇಶದ ಬಟ್ಟೆಯ ಜೊತೆಗೆ ಸಕ್ಕರೆ, ಗಾಜಿನ ಬಳೆಗಳೂ ಸೇರಿದವು, ಹೆಂಗಸರ ಅರಿಸಿನ ಕುಂಕುಮದ ಕೂಟಗಳೇ ಅದರ ಸಭೆಗಳಾದವು. ಇಷ್ಟೆಲ್ಲ ನಡೆದ ಊರಿದು. ಆದರೂ ನಮ್ಮ ಸಂಘಗಳ ಜನವರಿಯ ಆಮಂತ್ರಣಗಳಲ್ಲಿ ಸುಮಂಗಲಿಯರಿಗೆ ಎಂಬ ಪದ ಇನ್ನೂ ಕಣ್ಣಿಗೆ ಬೀಳುತ್ತದೆ.

ನಮ್ಮ ಮನೆಯಲ್ಲಿ ಕುಸುರೆಳ್ಳು ಮಾಡಬಲ್ಲವರು ಒಬ್ಬರೇ, ನನ್ನ ವೈನಿ, ಹುಡುಗಿಯ ತಾಯಿ. ಅಣ್ಣ ಹೋಗಿ ಆರು ವರ್ಷವಾಯಿತು. ಹತ್ತಿಯ ಹಿಮದ ಬದಲು ಸಕ್ಕರೆ ಒಡವೆ ಮಾಡೋಣವೆಂದು ನಾನು ಹೇಳಿದಾಗ ಹುಡುಗಿಯರು ಕುಣಿದರು. ಇದು ಮದುವೆಯಾದ ಮೇಲಿನ ಹಬ್ಬಕ್ಕೆ ಮಾಡುವುದಲ್ಲವೇ ಎಂದು ಬೀಗರ ಕಡೆಯಿಂದ ಒಂದು ಮಾತು ಬಂತು. ಅದು ನ್ಯಾಯವೇ. ಮಂಗಳಸೂತ್ರ ಬಿಟ್ಟೆವು, ಉಳಿದದ್ದಕ್ಕೆ ಅವರೂ ಒಪ್ಪಿದರು. ವೈನಿ ಮಾತ್ರ, “ಕಾಳು ಎಷ್ಟು ಬೇಕಾದ್ರೂ ಮಾಡಿಕೊಡ್ತೀನಿ, ತೊಡಸೋದು ನಿಮ್ಮೊಳಗ ಯಾರರ ಮಾಡ್ರಿ” ಅಂದರು. ವಾರಗಟ್ಟಲೆ ಬೆರಳು ಸುಟ್ಟುಕೊಂಡು ಮಾಡಿದವಳ ಕೈ ಮಗಳ ಕೊರಳಿಗೆ ಸಲ್ಲದು ಎಂಬ ಶಾಸ್ತ್ರವನ್ನು ಯಾರು ಬರೆದರೋ! ಮಗಳು ಅಲ್ಲೇ ಇದ್ದಳು. “ಅವ್ವಾ, ನೀ ತೊಡಸಿದ್ರ ತೊಡತೀನಿ. ಇಲ್ಲಾಂದ್ರ ಡಬ್ಬಿಯೊಳಗ ಇರಲಿ, ಎಲ್ಲಾರೂ ತಿಂದು ಮುಗಸರಿ” ಎಂದಳು. ವೈನಿ ಹೂಂ ಅನ್ನಲಿಲ್ಲ, ಊಹೂಂ ಅಂತಲೂ ಅನ್ನಲಿಲ್ಲ. ಎರಡು ದಿನ ಬಿಟ್ಟು ಸೂಜಿ ದಾರ ಕೇಳಿದರು.

ಕಾಗದದ ಹಿಮದ ಹೂಗಳನ್ನೂ ಬಿಟ್ಟಿಲ್ಲ, ಹುಡುಗಿಯರು ಆಗಲೇ ಕಿಟಕಿಗೆ ಅಂಟಿಸಿದ್ದಾರೆ. ತಿನ್ನಲು ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಬಿಳಿ ಬೇಕೆಂದವರಿಗೆ ಕೊಬ್ಬರಿ ವಡಿ. ಆಮಂತ್ರಣದಲ್ಲಿ ‘ಎಲ್ಲ ಗೆಳತಿಯರಿಗೆ’ ಎಂದು ಬರೆದಿದ್ದೇವೆ. ಶೇಗಡಿ ಸಿಗದೆ ಗ್ಯಾಸಿನ ಸಣ್ಣ ಉರಿಯಲ್ಲೇ ಮೊದಲ ಪರಾತ ಆಗುತ್ತಿದೆ. ನಾಲ್ಕನೆಯ ದಿನ ಇವತ್ತು, ಮುಳ್ಳು ಇನ್ನೂ ಎದ್ದಿಲ್ಲ. ಈ ವಾರದ ಚಳಿ ಸಾಲದೆಂದು ವೈನಿ ನಾಳೆಯಿಂದ ಬೆಳಗಿನ ನಾಲ್ಕಕ್ಕೆ ಏಳುತ್ತಾರಂತೆ.